ಹೆಸರು ಒಂದೇ, ಮನೆ ಒಂದೆಯೇ?

ವಡೋದರೆಯ ನಮ್ಮ ಕಚೇರಿಯ ಹಾಜರಿ ಪುಸ್ತಕದಲ್ಲಿ ಸೋಲಂಕಿ ಎಂಬ ಹೆಸರಿನವರು ಮೂವರಿದ್ದಾರೆ. ಮೂವರೂ ಬೇರೆ ಬೇರೆ ಜಾತಿಯವರು. ನಾವು ಹೊಸದಾಗಿ ವರ್ಗವಾಗಿ ಬಂದಾಗ ಅವರಲ್ಲೊಬ್ಬರಿಗೆ, "ಸೋಲಂಕಿ ಎಂದರೆ ನಮ್ಮ ಚಾಲುಕ್ಯರೇ, ನೀವು ನಮ್ಮವರೇ" ಎಂದು ಜಂಬದಿಂದ ಹೇಳಿದ್ದೆವು. "ಹಾಗಿದ್ದರೆ ಚಹಾ ನಿಮ್ಮದು ಸಾಹೇಬರೇ" ಎಂದರು ಅವರು. ಚಹಾ ಕೊಡಿಸಿದ ಮೇಲೆ, ಹೇಳಿದ್ದು ನಿಜವೇ ಎಂಬ ಅನುಮಾನ ಹುಟ್ಟಿ ಪುಸ್ತಕ ತೆರೆದೆವು.

ಬಾದಾಮಿಯ ಚಾಲುಕ್ಯ, ಪಾಟಣದ ಚೌಲುಕ್ಯ ಅಥವಾ ಸೋಲಂಕಿ, ಮಹಾರಾಷ್ಟ್ರದ ಸಾಳುಂಕೆ ಇವೆಲ್ಲ ಒಂದೇ ಹೆಸರಿನ ರೂಪಗಳಂತೆ ಕೇಳಿಸುತ್ತವೆ. ದಾದರಿನಿಂದ ಹುಬ್ಬಳ್ಳಿಯ ಮೇಲೆ ಹಾದುಹೋಗುವ ರೈಲಿಗೂ ಅದೇ ಹೆಸರು.

ಬಾದಾಮಿಯವರು ಇಲ್ಲಿ ಆಳಿದ್ದಂತೂ ಖಂಡಿತ. ಇಮ್ಮಡಿ ಪುಲಕೇಶಿಯ ಮಗ ಜಯಸಿಂಹ ಲಾಟದೇಶಕ್ಕೆ, ಎಂದರೆ ಇಂದಿನ ದಕ್ಷಿಣ ಗುಜರಾತಿಗೆ, ಅಧಿಪತಿಯಾದನು. ಅವನ ಮಗನ ಹೆಸರೂ ಪುಲಕೇಶಿ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಪದ್ಧತಿ ಎಷ್ಟು ಹಳೆಯದು ನೋಡಿ! ಸಿಂಧ್, ಕಚ್ಛ್, ಸೌರಾಷ್ಟ್ರಗಳನ್ನು ತುಳಿದು ಬಂದ ಅರಬರ ಸೈನ್ಯವನ್ನು ಈ ಮೊಮ್ಮಗ ಸೂರತ್ತಿನ ದಕ್ಷಿಣಕ್ಕಿರುವ ನವಸಾರಿಯಲ್ಲಿ ತಡೆದನೆಂದು ಕ್ರಿ.ಶ. 738-39ರ ತಾಮ್ರಪಟ ಹೇಳುತ್ತದೆ. ಮೆಚ್ಚಿದ ಬಾದಾಮಿಯ ದೊರೆ ಅವನಿಗೆ ನಾಲ್ಕು ಬಿರುದು ಕೊಟ್ಟನು. 'ದಕ್ಷಿಣಾಪಥದ ಕಂಬ' ಎಂಬುದು ಅವುಗಳಲ್ಲೊಂದು.

ಇನ್ನು ಪಾಟಣದ ಮಾತು. 10ನೆಯ ಶತಮಾನದಲ್ಲಿ ಮೂಲರಾಜ ಅಲ್ಲಿ ರಾಜ್ಯ ಕಟ್ಟಿದಾಗ ಲಾಟದಲ್ಲಿದ್ದವನು ಬಾರಪ್ಪ, ಕಲ್ಯಾಣದ ತೈಲಪನ ಕಡೆಯವನು. ಹೆಸರೇ ಸಾಕಲ್ಲವೇ! ಅವನೂ ಚಾಲುಕ್ಯನೇ. ಆದರೆ ಮೂಲರಾಜನ ಮಗ ಚಾಮುಂಡರಾಜನ ಕೈಯಲ್ಲಿ ಅವನು ಹತನಾದನೆಂದು ಗುಜರಾತಿನ ಗ್ರಂಥಗಳು ಹೇಳುತ್ತವೆ. ಒಂದೇ ಹೆಸರಿನವರು ಎರಡೂ ಕಡೆ ಕತ್ತಿ ಹಿರಿದಿದ್ದರು.

ಇಷ್ಟಾದರೂ ಎರಡೂ ಕಡೆಯವರು ಹೇಳಿಕೊಂಡ ಮೂಲಕಥೆ ಒಂದೇ. ಬ್ರಹ್ಮನ ಚುಳುಕದಿಂದ, ಅಂದರೆ ಬೊಗಸೆಯ ನೀರಿನಿಂದ, ಒಬ್ಬ ವೀರ ಹುಟ್ಟಿದನಂತೆ. ಕಲ್ಯಾಣದ ಆಸ್ಥಾನದಲ್ಲಿದ್ದ ಬಿಲ್ಹಣ ಇದನ್ನೇ ಬರೆದ. ಬಾರಪ್ಪನ ವಂಶದವರ ಶಕ 972ರ ಸೂರತ್ ತಾಮ್ರಪಟದಲ್ಲೂ, ಕುಮಾರಪಾಲನ ಕಾಲದ ವಡನಗರ ಶಾಸನದಲ್ಲೂ ಇದೇ ಕಥೆ. ಕಥೆ ಒಂದಾದ ಮಾತ್ರಕ್ಕೆ ರಕ್ತ ಒಂದಾಗದು. ಪಾಟಣದವರು ತಮ್ಮ ಶಾಸನಗಳಲ್ಲಿ ಬಾದಾಮಿಯನ್ನು ಪೂರ್ವಿಕರ ಊರೆಂದು ಹೇಳಿಕೊಂಡಿಲ್ಲ. ಇವೆರಡೂ ಬೇರೆ ಮನೆತನಗಳೆಂದೇ ಬಹುಮಂದಿ ಇತಿಹಾಸಜ್ಞರ ಅಭಿಪ್ರಾಯ. ಚಹಾದ ದುಡ್ಡು ಹೋಯಿತು ಎಂದುಕೊಂಡೆವು.

ಅಷ್ಟರಲ್ಲಿ ಮೀನಲದೇವಿ ಸಿಕ್ಕಳು. ಮೂಲರಾಜನ ವಂಶದ ಕರ್ಣದೇವ, ಇಂದಿನ ಅಹಮದಾಬಾದಿನ ಜಾಗದಲ್ಲಿ ಕರ್ಣಾವತಿ ಕಟ್ಟಿದವನು, ಮದುವೆಯಾದದ್ದು ಗೋವೆಯ ಕದಂಬ ಜಯಕೇಶಿಯ ಮಗಳನ್ನು. ಸಿದ್ಧರಾಜ ಜಯಸಿಂಹ ಅವಳ ಮಗ. ಸೋಮನಾಥನ ಯಾತ್ರಿಕರು ತೆರಿಗೆ ಕಟ್ಟಲಾರದೆ ಅಳುತ್ತ ಹಿಂದಿರುಗುವುದನ್ನು ಕಂಡು, ಅವಳು ಮಗನಿಗೆ ಹೇಳಿ 72 ಲಕ್ಷದ ಆ ಹುಟ್ಟುವಳಿಯನ್ನೇ ಬಿಡಿಸಿದಳೆಂದು ಮೇರುತುಂಗ ಬರೆದಿದ್ದಾನೆ. ವೀರಂಗಾಮದ ಮುನಸರ ಕೆರೆ ಅವಳದೆಂದು ಅಲ್ಲಿನವರ ನಂಬಿಕೆ.

ಮರುದಿನ ಸೋಲಂಕಿಯವರಿಗೆ ಎಲ್ಲವನ್ನೂ ಒಪ್ಪಿಸಿದೆವು. ಅವರು ಸ್ವಲ್ಪ ಯೋಚಿಸಿ, "ಅಣ್ಣತಮ್ಮಂದಿರಲ್ಲದಿದ್ದರೇನು, ವೇವಾಯಿಗಳಾದೆವಲ್ಲ" ಎಂದರು. ವೇವಾಯಿ ಎಂದರೆ ಗುಜರಾತಿಯಲ್ಲಿ ಬೀಗರು. ಆ ದಿನದ ಚಹಾ ಅವರದು.