ಬನಶಂಕರಿಯ ಪಲ್ಯದ ಹಬ್ಬ: ‘ಪಲ್ಯ’ ಪದದ ಅರ್ಥವಿಚಾರ

ದಕ್ಷಿಣ ಕರ್ನಾಟಕದಲ್ಲಿ ‘ಪಲ್ಯ’ವೆಂದರೆ ಬೇಯಿಸಿ ಒಗ್ಗರಣೆ ಹಾಕಿದ, ನೀರಾರಿದ ವ್ಯಂಜನ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಪರಿಸರದಲ್ಲಿ ಈ ಪದದ ವ್ಯಾಪ್ತಿ ಇದಕ್ಕಿಂತ ವಿಶಾಲವಾದುದು. ಹೊಲದಲ್ಲಿ ಬೆಳೆದ ಸೊಪ್ಪು, ಸಂತೆಯಲ್ಲಿ ಮಾರುವ ಅದರ ಕಟ್ಟು, ರೊಟ್ಟಿಯೊಡನೆ ಉಣ್ಣುವ ಅಡುಗೆ ಇವು ಮೂರೂ ಇಲ್ಲಿ ಪಲ್ಯವೇ. ‘ಪಲ್ಲೆ’ ಎಂಬುದು ಇದರ ಆಡುರೂಪ.

ಬಳಕೆಯಲ್ಲಿರುವ ಸಮಾಸಗಳು ಇದಕ್ಕೆ ಆಧಾರ. ಹತ್ತರಕಿ ಪಲ್ಯವನ್ನು ಹಸಿಯಾಗಿಯೇ ತಿನ್ನುವುದು ರೂಢಿ. ಇಲ್ಲಿ ಬೇಯಿಸಿದ್ದು ಎಂಬ ಅರ್ಥಕ್ಕೆ ಅವಕಾಶವಿಲ್ಲ. ‘ಪುಂಡಿ ಪಲ್ಯ’ವು ಎಲೆಗೂ, ಅದನ್ನು ಜೋಳದ ನುಚ್ಚಿನೊಡನೆ ಬೇಯಿಸಿದ ಅಡುಗೆಗೂ ಸಲ್ಲುತ್ತದೆ. ತರಕಾರಿಯೆಂಬ ಅರ್ಥದ ‘ಕಾಯಿಪಲ್ಯ’ದಲ್ಲಿ ‘ಕಾಯಿ’ಗೆ ಜೊತೆಯಾದ ‘ಪಲ್ಯ’ ಸೊಪ್ಪನ್ನೇ ಸೂಚಿಸುತ್ತದೆ. ‘ಕಾಳುಪಲ್ಯ’ದಲ್ಲಾದರೋ ಸೊಪ್ಪಿನ ಸಂಬಂಧ ಕಳಚಿ, ಅಡುಗೆಯ ಅರ್ಥವಷ್ಟೇ ಉಳಿದಿದೆ. ನೆರೆಯ ಮರಾಠಿಯ ‘ಭಾಜಿ’, ತೆಲುಗಿನ ‘ಕೂರ’ ಪದಗಳಲ್ಲಿಯೂ ಇಂತಹ ದ್ವಂದ್ವಾರ್ಥವಿದೆ. ಆದುದರಿಂದ ಈ ಭಾಗದ ಪ್ರಯೋಗವನ್ನು ಕೇವಲ ಪ್ರಾಂತೀಯ ವೈಚಿತ್ರ್ಯವೆಂದು ಬದಿಗಿಡಲಾಗದು.

ಈ ವಿಶಾಲಾರ್ಥವನ್ನು ಆಚರಣೆಯ ರೂಪದಲ್ಲಿ ಉಳಿಸಿಕೊಂಡುದು ಬಾದಾಮಿಗೆ ಸಮೀಪದ ಚೊಳಚಗುಡ್ಡದ ಬನಶಂಕರಿ ಕ್ಷೇತ್ರ. ಪುಷ್ಯಮಾಸದ ಬನದ ಹುಣ್ಣಿಮೆಯ ರಥೋತ್ಸವಕ್ಕೆ ಮುನ್ನ ಇಲ್ಲಿ ‘ಪಲ್ಯದ ಹಬ್ಬ’ ನಡೆಯುತ್ತದೆ. ದೇವಿಗೆ 108 ಬಗೆಯ ಪಲ್ಯಗಳ ನೈವೇದ್ಯವಾಗುತ್ತದೆ. ಬನಶಂಕರಿಯ ಇನ್ನೊಂದು ಹೆಸರು ಶಾಕಂಭರಿ. ನೂರು ವರ್ಷಗಳ ಅನಾವೃಷ್ಟಿಯಲ್ಲಿ ತನ್ನ ದೇಹದಿಂದ ಹುಟ್ಟಿದ ಶಾಕಗಳಿಂದ ಲೋಕವನ್ನು ಪೊರೆಯುವವಳೆಂದು ‘ದೇವೀಮಾಹಾತ್ಮ್ಯೆ’ ಅವಳನ್ನು ವರ್ಣಿಸುತ್ತದೆ. ಸಂಸ್ಕೃತದ ‘ಶಾಕ’ವೂ ಎಲೆಗೆ ಸೀಮಿತವಲ್ಲ, 16ನೆಯ ಶತಮಾನದ ‘ಭಾವಪ್ರಕಾಶ’ವು ಪತ್ರ, ಪುಷ್ಪ, ಫಲ, ನಾಳ, ಕಂದ, ಸಂಸ್ವೇದಜವೆಂದು ಅದನ್ನು ಆರು ಬಗೆಯಾಗಿ ವಿಂಗಡಿಸಿದೆ. ಈ ‘ಶಾಕ’ಕ್ಕೆ ಸಮನಾಗಿ ಜನಪದರು ಬಳಸಿದ ಕನ್ನಡ ಪದ ‘ಪಲ್ಯ’.

ಪುರಾಣದ ಈ ಅನಾವೃಷ್ಟಿ ಇಲ್ಲಿನ ಜನರಿಗೆ ಅಪರಿಚಿತವಾದುದಲ್ಲ. 1876–78ರ ಬರಗಾಲದಲ್ಲಿ ಈ ಪ್ರದೇಶವನ್ನೊಳಗೊಂಡಿದ್ದ ಅಂದಿನ ಕಲಾದಗಿ ಜಿಲ್ಲೆ ತೀವ್ರವಾಗಿ ನಲುಗಿತು. ಮಳೆ ಬಿದ್ದ ನೆಲದಲ್ಲಿ ಜೋಳ ತೆನೆಗಟ್ಟಲು ತಿಂಗಳುಗಳು ಬೇಕು. ಸೊಪ್ಪು ಅದಕ್ಕೂ ಬಹಳ ಮೊದಲೇ ಕೈಗೆ ಬರುತ್ತದೆ. ಬರದ ಸೀಮೆಯಲ್ಲಿ ಪಲ್ಯವು ರೊಟ್ಟಿಯ ಜೊತೆಗಾರ ಮಾತ್ರವಲ್ಲ, ಜೀವಾಧಾರವೂ ಹೌದು. ನಿಘಂಟುಕಾರರು ‘ಪಲ್ಯ’ಕ್ಕೆ ಬೇಯಿಸಿದ ವ್ಯಂಜನವೆಂಬ ಅರ್ಥವನ್ನಷ್ಟೇ ಕೊಟ್ಟರೆ ಪಲ್ಯದ ಹಬ್ಬವು ಭಕ್ಷ್ಯಗಳ ಪ್ರದರ್ಶನವಾಗಿ ಮಾತ್ರ ಕಾಣುತ್ತದೆ; ಅದರ ಹಿಂದಿರುವ ಹಸಿವಿನ ಚರಿತ್ರೆ ಮರೆಯಾಗುತ್ತದೆ. ಈ ಭಾಗದ ಹಾಡು, ಗಾದೆ, ಆಚರಣೆಗಳನ್ನು ವಿವೇಚಿಸುವ ಸಂಶೋಧಕರು ಸಂದರ್ಭವನ್ನರಿತು ಈ ಪದದ ಅರ್ಥವನ್ನು ನಿರ್ಣಯಿಸಬೇಕಾಗಿದೆ.