ಒರೆಗಾನ್ ಎಳೆದ ಗೆರೆ

ನಗರ ಬೆಳೆದಂತೆ ಸುತ್ತಲಿನ ಹೊಲಗಳು ಸೈಟುಗಳಾಗುವುದು ಸಹಜ ಎಂದು ನಾವೆಲ್ಲ ಹೆಚ್ಚುಕಡಿಮೆ ಒಪ್ಪಿಕೊಂಡುಬಿಟ್ಟಿದ್ದೇವೆ. ಅಮೆರಿಕದ ಪಶ್ಚಿಮ ಕರಾವಳಿಯ ಒರೆಗಾನ್ ರಾಜ್ಯ ಐವತ್ತು ವರ್ಷಗಳ ಹಿಂದೆ ಇದನ್ನು ಒಪ್ಪಲಿಲ್ಲ.

ಅಲ್ಲಿ ಎರಡು ಬೆಟ್ಟಸಾಲುಗಳ ನಡುವೆ ವಿಲ್ಯಾಮೆಟ್ ನದಿಯ ಕಣಿವೆಯಿದೆ. 1840ರ ದಶಕದಲ್ಲಿ ಎತ್ತಿನ ಬಂಡಿ ಕಟ್ಟಿಕೊಂಡು ಸಾವಿರಾರು ಮೈಲಿ ಬಂದ ವಲಸಿಗರನ್ನು ಸೆಳೆದದ್ದು ಇದೇ ಕಣಿವೆಯ ಫಲವತ್ತಾದ ಮಣ್ಣು. ಪೋರ್ಟ್‌ಲ್ಯಾಂಡ್, ಸೇಲಂ, ಯೂಜೀನ್ ನಗರಗಳು ಬೆಳೆದದ್ದೂ ಅದೇ ಮಣ್ಣಿನ ಮೇಲೆ. ಎರಡನೆಯ ಮಹಾಯುದ್ಧದ ನಂತರ ಹೆದ್ದಾರಿಗಳು ಬಂದವು, ಅವುಗಳ ಹಿಂದೆಯೇ ಬಡಾವಣೆಗಳು ಬಂದವು.

ಇದನ್ನು ತಡೆಯಲು ಹೊರಟವರಲ್ಲಿ ಮುಖ್ಯರಾದವರು ಇಬ್ಬರು. ಒಬ್ಬರು ಗವರ್ನರ್ ಟಾಮ್ ಮೆಕಾಲ್. ಇನ್ನೊಬ್ಬರು ಹೆಕ್ಟರ್ ಮ್ಯಾಕ್‌ಫರ್ಸನ್, ಅದೇ ಕಣಿವೆಯಲ್ಲಿ ಹಸು ಸಾಕಿಕೊಂಡಿದ್ದ ರೈತ, ರಾಜ್ಯದ ಸೆನೆಟರ್. ಹೊಲಗಳ ನಡುವೆ ಮನೆಗಳೆದ್ದರೆ ಬೇಸಾಯ ಉಳಿಯದು. ಹೊಸದಾಗಿ ಬಂದವರಿಗೆ ಗೊಬ್ಬರದ ವಾಸನೆಯೂ ಆಗದು, ಟ್ರಾಕ್ಟರಿನ ಸದ್ದೂ ಆಗದು. ಖಾಸಗಿ ಆಸ್ತಿಯ ಪರ ನಿಲ್ಲುವ ರಿಪಬ್ಲಿಕನ್ ಪಕ್ಷದವರೇ ಆದರೂ ಇಬ್ಬರೂ ಭೂಬಳಕೆಗೆ ಕಾನೂನು ಬೇಕೆಂದರು. 1973ರ ಜನವರಿ 8ರಂದು ಮೆಕಾಲ್ ಶಾಸನಸಭೆಯಲ್ಲಿ ಭೂಮಿ ನುಂಗುವವರ ವಿರುದ್ಧ ಕಟುವಾಗಿ ಮಾತಾಡಿದರು. ಆ ವರ್ಷದ ಮೇ ತಿಂಗಳಲ್ಲಿ ‘ಸೆನೆಟ್ ಬಿಲ್ 100’ಕ್ಕೆ ಸಹಿ ಬಿತ್ತು.

ಈ ಕಾನೂನಿನಿಂದ ಹುಟ್ಟಿದ ವ್ಯವಸ್ಥೆ ಸರಳವಾದದ್ದು. ಪ್ರತಿ ನಗರವೂ ತನ್ನ ಸುತ್ತ ಒಂದು ಗೆರೆ ಎಳೆದುಕೊಳ್ಳಬೇಕು. ಮುಂದಿನ ಇಪ್ಪತ್ತು ವರ್ಷಕ್ಕೆ ಬೇಕಾಗುವ ಜಾಗ ಗೆರೆಯೊಳಗೆ ಇರಬೇಕು, ಅಲ್ಲಿ ಬಡವರಿಗೂ ಎಟಕುವ ಮನೆಗಳಿಗೆ ಅವಕಾಶವಿರಬೇಕು. ಹೊರಗಿನ ಕೃಷಿಭೂಮಿಯನ್ನು ಬೇಕೆಂದಂತೆ ತುಂಡು ಮಾಡಿ ಮಾರುವಂತಿಲ್ಲ. ಗೆರೆಯನ್ನು ಹಿಗ್ಗಿಸಬಹುದು, ಆದರೆ ಅಗತ್ಯವಿದೆಯೆಂದು ಮೊದಲು ತೋರಿಸಬೇಕು. ಪೋರ್ಟ್‌ಲ್ಯಾಂಡ್ ಪ್ರದೇಶದ ಗೆರೆ 1979ರಲ್ಲಿ ಬಂತು. ಅದರ ಹೊಣೆ ಜನರೇ ಆರಿಸುವ ‘ಮೆಟ್ರೋ’ ಎಂಬ ಪ್ರಾದೇಶಿಕ ಆಡಳಿತದ್ದು.

ಆದರೆ ಗೆರೆಯ ಆಚೆಗಿರುವ ರೈತನ ಲೆಕ್ಕವೇ ಬೇರೆ. ರಸ್ತೆಯ ಈಚೆಗಿನ ಹೊಲಕ್ಕೆ ಬಂಗಾರದ ಬೆಲೆ, ಆಚೆಗಿನದಕ್ಕೆ ಬೆಳೆಯ ಬೆಲೆ. ಎಲ್ಲರ ಕಣ್ಣಿಗೆ ಹಸಿರು ಉಳಿಯಲೆಂದು ಅವನೊಬ್ಬನೇ ಏಕೆ ಕಳೆದುಕೊಳ್ಳಬೇಕು? ಈ ಪ್ರಶ್ನೆಯಲ್ಲಿ ನ್ಯಾಯವಿತ್ತು. ಅದಕ್ಕೇ ಅದು ಮತ್ತೆ ಮತ್ತೆ ಎದ್ದಿತು. 1976, 1978, 1982ರಲ್ಲಿ ಕಾನೂನನ್ನು ಕಿತ್ತುಹಾಕಲು ಜನಮತಕ್ಕೆ ಹೋದವರು ಮೂರು ಸಲವೂ ಸೋತರು. ಕೊನೆಯ ಸಲ ಮೆಕಾಲ್ ಕ್ಯಾನ್ಸರಿನಿಂದ ಸಾಯುತ್ತಲೇ ಪ್ರಚಾರ ಮಾಡಿದರು. ಅವರು ತೀರಿಕೊಂಡದ್ದು 1983ರ ಜನವರಿ 8ರಂದು, ಆ ಭಾಷಣಕ್ಕೆ ಸರಿಯಾಗಿ ಹತ್ತು ವರ್ಷ ತುಂಬಿದ ದಿನ.

2004ರಲ್ಲಿ ಗಾಳಿ ತಿರುಗಿತು. ನಿಯಮದಿಂದ ಭೂಮಿಯ ಬೆಲೆ ಇಳಿದಿದ್ದರೆ ಸರ್ಕಾರ ಪರಿಹಾರ ಕೊಡಬೇಕು, ಇಲ್ಲವೇ ನಿಯಮ ಸಡಿಲಿಸಬೇಕು ಎಂಬ ‘ಮೆಷರ್ 37’ಕ್ಕೆ ಜನ ಮತ ಹಾಕಿದರು. ಸಾವಿರಾರು ಅರ್ಜಿಗಳು ಬಂದವು. ಪರಿಹಾರ ಕೊಡಲು ಹಣವಿಲ್ಲದ ಸರ್ಕಾರಗಳು ನಿಯಮವನ್ನೇ ಬಿಟ್ಟುಕೊಟ್ಟವು. ತಮ್ಮ ಪಕ್ಕದ ಹೊಲವೇ ಬಡಾವಣೆಯಾಗಬಹುದೆಂದು ಕಂಡಾಗ ಜನ ಬೆಚ್ಚಿದರು. 2007ರಲ್ಲಿ ಅದೇ ಮತದಾರರು ‘ಮೆಷರ್ 49’ರ ಮೂಲಕ ಅದನ್ನು ಮೊಟಕುಗೊಳಿಸಿದರು. ಹಳೆಯ ಭೂಮಾಲೀಕರಿಗೆ ಕೆಲವೇ ಮನೆ ಕಟ್ಟಿಕೊಳ್ಳುವ ಹಕ್ಕು ಸಿಕ್ಕಿತು, ದೊಡ್ಡ ಬಡಾವಣೆಗಳ ಬಾಗಿಲು ಮುಚ್ಚಿತು.

ಇಂದಿಗೂ ಪೋರ್ಟ್‌ಲ್ಯಾಂಡಿನ ಪಶ್ಚಿಮದ ಅಂಚಿನಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಒತ್ತೊತ್ತಾದ ಮನೆಗಳು, ಇನ್ನೊಂದು ಮಗ್ಗುಲಿಗೆ ಉತ್ತ ಹೊಲ ಕಾಣುತ್ತವೆ. ನಕ್ಷೆಯ ಮೇಲಿನ ಹಸಿರು ಬಣ್ಣ ತಾನಾಗಿ ಉಳಿದದ್ದಲ್ಲ. ಅದನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ಜನ ಮತ್ತೆ ಮತ್ತೆ ಜಗಳವಾಡಿ, ಮತ ಹಾಕಿ ತೀರ್ಮಾನಿಸಿದರು. ಆಚೆಗಿನ ರೈತನ ದೂರನ್ನು ಕೇಳಿಸಿಕೊಂಡದ್ದೂ ಆ ತೀರ್ಮಾನದ ಭಾಗವೇ ಆಗಿತ್ತು.