ಹೊಳೆ ಇಳಿಯುವ ತನಕ: ವಿಜಾಪುರ ರಸ್ತೆಯ ಎರಡು ನದಿ, ಒಂದು ಧರ್ಮಶಾಲೆ



2025ರ ಸೆಪ್ಟೆಂಬರಿನಲ್ಲಿ ಸೀನಾ ನದಿಗೆ ಮಹಾಪೂರ ಬಂದು ಸೊಲ್ಲಾಪುರ–ವಿಜಾಪುರ ಹೆದ್ದಾರಿ ಬಂದ್ ಆದದ್ದು ನೆನಪಿದೆಯಲ್ಲವೇ? ನಮಗೆ ಅದು ದೊಡ್ಡ ಸುದ್ದಿ. ನಮ್ಮ ಮುತ್ತಜ್ಜರ ಕಾಲಕ್ಕೆ ಅದು ಮಳೆಗಾಲದ ಮಾಮೂಲು ಮಾತು.

ಈ ರಸ್ತೆಗೆ ಎರಡು ಹೊಳೆ ಅಡ್ಡ ಬರುತ್ತವೆ. ವಡಕಬಾಳದ ಹತ್ತಿರ ಸೀನಾ, ಮುಂದೆ ಟಾಕಳಿಯಲ್ಲಿ ಭೀಮಾ. ಆಚೆ ದಡ ಧೂಳಖೇಡ. ಎರಡೂ ನದಿಗಳು ಕೆಳಗೆ ಹತ್ತರಸಂಗ ಕೂಡಲದಲ್ಲಿ ಸೇರುತ್ತವೆ. ಅಲ್ಲಿನ ಸಂಗಮೇಶ್ವರ ಗುಡಿಯಲ್ಲಿ 1018ರ ಮರಾಠಿ ಶಾಸನವಿದೆ. ಅಂದರೆ ಸಾವಿರ ವರ್ಷದಿಂದ ಈ ದಡಗಳಲ್ಲಿ ಕನ್ನಡ, ಮರಾಠಿ ಎರಡೂ ಜೊತೆಗೇ ಬಾಳಿವೆ.

ಸೇತುವೆ ಇಲ್ಲದಾಗ ಬೇಸಿಗೆಯಲ್ಲಿ ಬಂಡಿಗಳು ನೀರು ಹಾಯ್ದು ಹೋಗುತ್ತಿದ್ದವು. ಮಳೆಗಾಲದಲ್ಲಿ ಅಂಬಿಗನೇ ಗತಿ. ಹೊಳೆ ತುಂಬಿ ಹರಿದರೆ ಅಂಬಿಗನೂ ದೋಣಿ ಬಿಡುತ್ತಿರಲಿಲ್ಲ. ನೀರು ಇಳಿಯುವ ತನಕ ಕಾಯಬೇಕು. ಎಲ್ಲಿ? ಇಂಥವರಿಗಾಗಿಯೇ ನಮ್ಮ ಕಡೆ ಧರ್ಮಶಾಲೆಗಳಿದ್ದವು. ತಲೆ ಮೇಲೊಂದು ಸೂರು, ಒಲೆ ಹೂಡಲು ಮೂರು ಕಲ್ಲು, ಎತ್ತು ಕಟ್ಟಲು ಜಾಗ, ಹತ್ತಿರದಲ್ಲಿ ಬಾವಿ. ಹಿಟ್ಟು ಪ್ರಯಾಣಿಕನ ಗಂಟಿನಲ್ಲೇ ಇರುತ್ತಿತ್ತು.

ಸೈನ್ಯಗಳೂ ಈ ಹೊಳೆ ದಾಟಿವೆ. ಸೊಲ್ಲಾಪುರದ ಕೋಟೆಗಾಗಿ ಬಿಜಾಪುರದ ಆದಿಲಶಾಹಿಗಳೂ ಅಹ್ಮದನಗರದ ನಿಜಾಮಶಾಹಿಗಳೂ ಮತ್ತೆ ಮತ್ತೆ ಕಾದಾಡಿದರು. ಮದುವೆಯ ಬಳುವಳಿಯಾಗಿ ಕೋಟೆ ಕೊಡುವ ಮಾತಾಯಿತು, ಮಾತು ತಪ್ಪಿದ್ದಕ್ಕೆ ಯುದ್ಧವೂ ಆಯಿತು.

ಸೊಲ್ಲಾಪುರಕ್ಕೆ ರೈಲು 1860ರಲ್ಲೇ ಬಂತು. ಆದರೆ ಭೀಮೆಯ ಆಚೆಗೆ ಇರಲಿಲ್ಲ. 1876–78ರ ಘೋರ ಬರದಲ್ಲಿ ಬಿಜಾಪುರ ಸೀಮೆಗೆ ಕಾಳು ಒಯ್ಯಲು ಬಂಡಿಗಳೇ ಬೇಕಾದವು, ಎತ್ತುಗಳಿಗೇ ಮೇವಿರಲಿಲ್ಲ. ಆ ಪಾಠದಿಂದ ಹೋಟಗಿ–ಗದಗ ರೈಲು ಮಾರ್ಗವಾಯಿತು. 1884ರಲ್ಲಿ ಅದರ ಸಂಚಾರ ಶುರುವಾಯಿತು. ದಡದಲ್ಲಿ ಕಾಯುವವರು ಕಡಿಮೆಯಾದರು.

ಆಗ ಬಿಜಾಪುರಕ್ಕೆ ಬಂದ ಪ್ರಯಾಣಿಕರು ತಂಗುತ್ತಿದ್ದುದೆಲ್ಲಿ ಗೊತ್ತೇ? ಊರಿನ ಹಳೆಯ ಮಸೀದಿಯೊಂದನ್ನೇ ಸರಕಾರ ಡಾಕ್ ಬಂಗಲೆ ಮಾಡಿಕೊಂಡಿತ್ತು! ವೈಸರಾಯ್ ಕರ್ಜನ್ ಅದನ್ನು ತೆರವು ಮಾಡಿಸಿದ. ಅತಿಥಿಸತ್ಕಾರ ಒಳ್ಳೆಯದು, ಆದರೆ ಇನ್ನೊಬ್ಬರ ಪ್ರಾರ್ಥನಾ ಸ್ಥಳ ಕಸಿದು ಅಲ್ಲ.

1956ರಲ್ಲಿ ರಾಜ್ಯಗಳು ವಿಂಗಡವಾಗಿ, ಈ ದಾರಿಯಲ್ಲಿ ಭೀಮೆಯೇ ಗಡಿಯಾಯಿತು. ಹೊಳೆಗೆ ಗಡಿ ಗೊತ್ತಿಲ್ಲ. ಹೆಣ್ಣು ಕೊಟ್ಟು ತಂದ ಮನೆಗಳಿಗೂ ಗೊತ್ತಿಲ್ಲ.

ಸಮಾರಿಯದವನ ಕಥೆಯಲ್ಲಿ ಗಾಯಗೊಂಡವನು ಉಳಿದದ್ದು ಒಂದು ಛತ್ರ ಇದ್ದುದರಿಂದ. ಈಗ ನಮ್ಮಲ್ಲಿ ಸೇತುವೆಗಳಿವೆ, ಆದರೂ ಹೊಳೆ ಆಗಾಗ ರಸ್ತೆ ನಿಲ್ಲಿಸುತ್ತದೆ. ಮುಂದಿನ ಸಲ ಲಾರಿ ಚಾಲಕರು, ಮಕ್ಕಳನ್ನೆತ್ತಿಕೊಂಡ ತಾಯಂದಿರು ರಸ್ತೆಯಲ್ಲಿ ಸಿಕ್ಕಿಬಿದ್ದಾಗ ನಮ್ಮ ಸಭಾಂಗಣದ ಕೀಲಿ ಯಾರ ಕೈಯಲ್ಲಿರುತ್ತದೆ? ಬರುವ ಭಾನುವಾರ ಮಾತಾಡೋಣ. ಬರುವಾಗ ಮನೆಯ ಅಜ್ಜ-ಅಜ್ಜಿಯರನ್ನು ಕೇಳಿಕೊಂಡು ಬನ್ನಿ: ಅವರು ಹೊಳೆ ಹೇಗೆ ದಾಟುತ್ತಿದ್ದರು?